ಬಿಲ್ ನೋಡಿ ಟೆಂಟನ್ನು ನಂಬಬಾರದು

ಮುಂದಿನ ತಿಂಗಳು ನಮ್ಮ ಕಾಲೇಜಿನ ಪ್ರಥಮ ಪಿಯುಸಿ ವಿದ್ಯಾರ್ಥಿಗಳು ಮಲೆನಾಡಿಗೆ ಎರಡು ರಾತ್ರಿಯ ಚಾರಣ ಶಿಬಿರಕ್ಕೆ ಹೋಗುತ್ತಿದ್ದಾರೆ. ಅದಕ್ಕಾಗಿ ತರಿಸಿದ ಹಗುರ ಟೆಂಟುಗಳು ಸ್ಟೋರ್ ರೂಮಿನಲ್ಲಿವೆ. ಇನ್ನೂ ಯಾರೂ ಬಿಚ್ಚಿಲ್ಲ. ಹೊರಡುವ ಮೊದಲು ಅವನ್ನು ನಮ್ಮ ಮೈದಾನದಲ್ಲೇ, ಮಳೆಯಲ್ಲೇ, ಒಂದು ರಾತ್ರಿ ಹಾಕಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಹೀಗೆ ಹೇಳಲು ಕಾರಣವಿದೆ. ಭಾಯಿಜಾನ್ ಕೊಂಡ ಅಂಥದ್ದೇ ಟೆಂಟನ್ನು ಹೋದ ವಾರ ನಮ್ಮ ಹಿತ್ತಿಲಲ್ಲಿ ಹಾಕಿದೆ. ಎಂಟನೇ ತರಗತಿಯ ತಮ್ಮನೂ ಜೊತೆಗೆ ಮಲಗಿದ. "ಒಂದು ಹನಿಯೂ ಒಳಗೆ ಬರಲ್ಲ" ಎಂದು ಅಮ್ಮಿಗೆ ಮಾತು ಕೊಟ್ಟವನು ನಾನೇ. ರಾತ್ರಿ ಎರಡು ಗಂಟೆಗೆ ತಮ್ಮ ನನ್ನನ್ನು ಎಬ್ಬಿಸಿದ. ಅವನ ಚಾದರ ನೆನೆದು ಹಲ್ಲು ಕಟಕಟ ಎನ್ನುತ್ತಿತ್ತು. ಮನೆಯ ಬಾಗಿಲು ಹತ್ತು ಹೆಜ್ಜೆ ದೂರವಿತ್ತು, ಓಡಿದೆವು. ಬೆಟ್ಟದ ಮೇಲೆ ಆ ಬಾಗಿಲು ಇರುವುದಿಲ್ಲ. ಒದ್ದೆ ಬಟ್ಟೆಗೆ ಗಾಳಿ ಸೇರಿದರೆ, ಹಿಮ ಬೀಳದ ಜಾಗದಲ್ಲೂ ಮೈಯ ಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಚೀಲದ ಮೇಲೆ 3,000 ಮಿ.ಮೀ. ಎಂದು ಬರೆದಿತ್ತು. ಇದನ್ನು ಕೇಳಿದ ನನ್ನ ಗೆಳೆಯ, "ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮಳೆಯಂತೆ, ಹಾಗಾದರೆ ಅರ್ಧ ವರ್ಷ ತಡೆಯುತ್ತಾ?" ಎಂದ. ಲೆಕ್ಕ ಅದಲ್ಲ. ಬಟ್ಟೆಯ ಮೇಲೆ 3 ಮೀಟರ್ ಎತ್ತರ ನೀರು ನಿಂತರೆ ಎಷ್ಟು ಒತ್ತಡವೋ, ಅಷ್ಟರವರೆಗೆ ಸೋರುವುದಿಲ್ಲ ಎಂದು ಅರ್ಥ. ಅದು ಬಟ್ಟೆಯ ತುಂಡಿಗೆ ಕೊಟ್ಟ ಅಂಕ, ಪೂರ್ತಿ ಟೆಂಟಿಗೆ ಅಲ್ಲ.

ನಮ್ಮ ಟೆಂಟಿನಲ್ಲಿ ಬಟ್ಟೆ ಸೋರಲಿಲ್ಲ. ಒಂದು ಹೊಲಿಗೆಯ ಮೇಲಿನ ಟೇಪ್ ಎದ್ದಿತ್ತು. ಕೆಳಗೆ ಹಾಸಿದ ಪ್ಲಾಸ್ಟಿಕ್ ಹೊರಗೆ ಚಾಚಿಕೊಂಡು ಮಳೆನೀರನ್ನು ನಮ್ಮ ಅಡಿಗೇ ತಂದಿತ್ತು. ಹಗ್ಗ ಸಡಿಲವಾಗಿ ಹೊರಪದರ ಒಳಪದರಕ್ಕೆ ಅಂಟಿತ್ತು. ಗಾಳಿಕಿಂಡಿ ಮುಚ್ಚಿದ್ದರಿಂದ ನಮ್ಮ ಉಸಿರಿನ ಹಬೆಯೇ ನೀರಾಗಿ ತೊಟ್ಟಿಕ್ಕಿತ್ತು. ಎರಡನೇ ರಾತ್ರಿ ಹೊಲಿಗೆಗೆ ಸೀಲರ್ ಹಚ್ಚಿ, ಪ್ಲಾಸ್ಟಿಕ್ಕನ್ನು ಒಳಕ್ಕೆ ಮಡಚಿ, ಎತ್ತರದ ಜಾಗದಲ್ಲಿ ಹಗ್ಗ ಬಿಗಿದು, ಕಿಂಡಿ ತೆರೆದಿಟ್ಟೆ. ಮಳೆ ಅಷ್ಟೇ ಜೋರಾಗಿತ್ತು, ಆದರೆ ಬೆಳಗಿನವರೆಗೆ ಮಲಗಿದೆವು. ಟೆಂಟ್ ಅದೇ. ಬದಲಾದದ್ದು ನಮ್ಮ ತಿಳಿವಳಿಕೆ.

ಇನ್ನೊಂದು ವಿಷಯ ತೂಕದ್ದು. ಅಬ್ಬಾರ ಅಂಗಡಿಯ ತಕ್ಕಡಿಯಲ್ಲಿ ಒಣಗಿದ ಟೆಂಟ್ 2.1 ಕೆ.ಜಿ. ಇತ್ತು. ಮಳೆಯ ಮರುದಿನ ಚೆನ್ನಾಗಿ ಕೊಡವಿದ ಮೇಲೂ 2.7 ಕೆ.ಜಿ. ತೂಗಿತು. ಎರಡನೇ ದಿನ ಹೊರುವವರಿಗೆ ಇದು ಮೊದಲೇ ಗೊತ್ತಿರಬೇಕು.

ಮಳೆಯಲ್ಲಿ ಮಲಗಿಸಿದರೆ ಮಕ್ಕಳಿಗೆ ನೆಗಡಿಯಾಗುತ್ತದೆ ಎಂದು ಕೆಲವರು ಹೇಳಬಹುದು. ಹಾಗಾದರೆ ಮಲಗುವುದು ಬೇಡ. ಸಂಜೆ ಟೆಂಟ್ ಹಾಕಿ, ಒಳಗೆ ಹಳೆಯ ದಿನಪತ್ರಿಕೆ ಹಾಸಿ, ಬೆಳಿಗ್ಗೆ ಎಲ್ಲಿ ಒದ್ದೆಯಾಗಿದೆ ಎಂದು ನೋಡೋಣ. ಉಸಿರಿನ ಹಬೆ ಇದರಲ್ಲಿ ತಿಳಿಯುವುದಿಲ್ಲ, ಉಳಿದದ್ದೆಲ್ಲ ತಿಳಿಯುತ್ತದೆ. ಮಳೆ ಬಾರದಿದ್ದರೆ ತೋಟದ ಪೈಪ್ ಇದೆ.

ನಾವು ಕಾಮರ್ಸ್‌ನವರು. ಬಿಲ್ ಸರಿಯಿದ್ದರೆ ಸಾಲದು, ದಾಸ್ತಾನನ್ನು ಕಣ್ಣಾರೆ ಪರಿಶೀಲಿಸಬೇಕು ಎಂದು ತರಗತಿಯಲ್ಲಿ ಕಲಿಯುತ್ತೇವೆ. ಸ್ಟಾಕ್ ರಿಜಿಸ್ಟರಿನಲ್ಲಿ "ಟೆಂಟ್" ಎಂದು ಬರೆದ ಮಾತ್ರಕ್ಕೆ ಅದು ಮಳೆ ತಡೆಯುವುದಿಲ್ಲ. ಶಿಬಿರದ ಜವಾಬ್ದಾರಿ ಹೊತ್ತ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ: ಒಂದು ಶನಿವಾರ ಸಂಜೆ ಸ್ಟೋರ್ ರೂಮಿನ ಬೀಗ ತೆಗೆಸಿ. ಶಿಬಿರಕ್ಕೆ ಹೋಗುವವರೇ ಟೆಂಟ್ ಹಾಕಲಿ, ದ್ವಿತೀಯ ಪಿಯುಸಿಯ ನಾವು ಸಹಾಯ ಮಾಡುತ್ತೇವೆ. ಮತ್ತೆ ಒಣಗಿಸಿ ಮಡಚಿಡುವ ಕೆಲಸವೂ ನಮ್ಮದೇ.