ಬಚ್ಚಲಿನ ಸುಣ್ಣವೂ ಆಸಿಡ್ ಸೀಸೆಯೂ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಸಾರ್, ನಮ್ಮನೆ ಶವರ್‌ಗೆ ಪೂರ್ತಿ ಉಪ್ಪು ಕಟ್ಟಿದೆ. ಅರ್ಧ ತೂತುಗಳಲ್ಲಿ ನೀರೇ ಬರಲ್ಲ, ಮಿಕ್ಕವು ಗೋಡೆಗೆ ಹೊಡೀತವೆ. ಪ್ಲಂಬರ್ ಆಸಿಡ್ ಹಾಕಿ ಅಂತಾನೆ. ಹಾಕಬಹುದಾ?" ಎಂದು ಕೇಳಿದ. ವಿಜ್ಞಾನದಲ್ಲಿ ತೊಂಬತ್ತಕ್ಕಿಂತ ಕಡಿಮೆ ಅಂಕ ತೆಗೆದವನಲ್ಲ ಆತ. ನಾನು ಸ್ವಲ್ಪ ಒರಟಾಗಿಯೇ ಉತ್ತರಿಸಿದೆ. ಫೋನಿಟ್ಟ ಮೇಲೆ ನಾಚಿಕೆಯಾಯಿತು. ಎರಡು ವರ್ಷಗಳ ಹಿಂದಿನವರೆಗೂ ನನ್ನ ಮನೆಯ ಬಚ್ಚಲ ಮೂಲೆಯಲ್ಲಿ ಅದೇ ಸೀಸೆ ಕುಳಿತಿತ್ತು. ಆದ್ದರಿಂದ ಆತನಿಗೆ ಸಮಾಧಾನದಿಂದ ಹೇಳಬೇಕಾಗಿದ್ದುದನ್ನು ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅದು ಉಪ್ಪಲ್ಲ. ಉಪ್ಪಾಗಿದ್ದರೆ ನೀರು ಬಿದ್ದೊಡನೆ ಕರಗಿ ಹೋಗುತ್ತಿತ್ತು. ಶವರಿನ ಮೇಲೆ ಬೆಳ್ಳಗೆ ಹೆಕ್ಕಳಿಕೆಯಾಗಿ ಕೂರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸುಣ್ಣದಕಲ್ಲು. ಮಳೆಯ ನೀರು ಮಣ್ಣಿನಲ್ಲಿ ಇಂಗುವಾಗ ಅಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಅತಿ ದುರ್ಬಲವಾದ ಆಮ್ಲವಾಗುತ್ತದೆ. ಕಲ್ಲು ಮಣ್ಣುಗಳಲ್ಲಿರುವ ಸುಣ್ಣದ ಅಂಶವನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ನಾವು ಅದನ್ನು ಕೊಳವೆಬಾವಿಯಿಂದ ಮೇಲೆತ್ತಿ ಕಾಯಿಸಿದಾಗ, ಅಥವಾ ಅದು ತಾನೇ ಒಣಗಿದಾಗ, ಅನಿಲ ಹೊರಟುಹೋಗಿ ಕಲ್ಲು ಮತ್ತೆ ಕಲ್ಲಾಗುತ್ತದೆ. 'ತಾತ್ಕಾಲಿಕ ಗಡಸುತನ' ಎಂದು ಕಪ್ಪು ಹಲಗೆಯ ಮೇಲೆ ಬರೆದು ಅಡ್ಡಗೆರೆ ಎಳೆದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು.

ನಾನು ಹುಟ್ಟಿದ್ದು ಮಲೆನಾಡಿನಲ್ಲಿ. ಅಲ್ಲಿಯ ನೀರಿಗೆ ಸೋಪು ಹಚ್ಚಿದರೆ ಎಷ್ಟು ತೊಳೆದರೂ ಜಾರುತ್ತಿತ್ತು. ನೌಕರಿಗೆಂದು ಬಯಲುಸೀಮೆಗೆ ಬಂದ ಮೊದಲ ದಿನ ಸೋಪು ನೊರೆಯನ್ನೇ ಕೊಡದೆ ಮೊಸರಿನಂತೆ ಒಡೆದು ನಿಂತಾಗ ಸೋಪೇ ಕೆಟ್ಟದ್ದೆಂದು ಅಂಗಡಿಯವನೊಡನೆ ಜಗಳವಾಡಿದ್ದೆ! ಕುಡಿಯುವ ನೀರಿನ ಭಾರತೀಯ ಮಾನಕವು (ಐ.ಎಸ್. ೧೦೫೦೦, ೨೦೧೨ರ ಪರಿಷ್ಕರಣೆ) ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಮೀರದಿರಲಿ ಎನ್ನುತ್ತದೆ, ಬೇರೆ ನೀರು ಇಲ್ಲದ ಕಡೆ ೬೦೦ರವರೆಗೆ ಸಹಿಸಿಕೊಳ್ಳಿ ಎನ್ನುತ್ತದೆ. ಒಂದು ಮನೆಯ ನೀರು ೪೦೦ ಎಂದಿಟ್ಟುಕೊಳ್ಳೋಣ. ಹದಿನೈದು ಲೀಟರಿನ ಒಂದು ಬಕೆಟ್ಟಿನಲ್ಲಿ ೬ ಗ್ರಾಂ ಸುಣ್ಣದಕಲ್ಲಿಗೆ ಸಮನಾದ ಗಡಸುತನವಾಯಿತು. ಅದರಲ್ಲಿ ಹೆಚ್ಚಿನದು ನೀರಿನೊಡನೆ ಮೋರಿಗೆ ಹೋಗುತ್ತದೆ. ಶವರಿನ ತೂತುಗಳ ಬಾಯಲ್ಲಿ ನಿಂತು ಒಣಗಿದ ಹನಿಗಳದು ಮಾತ್ರ ಅಲ್ಲಿಯೇ ಉಳಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಸೀಸೆಯ ವಿಷಯ. ನಮ್ಮ ಬೀದಿಯಲ್ಲಿ ಮೊಪೆಡ್ಡಿನ ಮೇಲೆ ಫಿನಾಯಿಲ್ ಮತ್ತು ಆಸಿಡ್ ಮಾರಿಕೊಂಡು ಬರುವವನೊಬ್ಬನಿದ್ದ. ತಂಪು ಪಾನೀಯದ ಹಳೆಯ ಸೀಸೆ, ಚೀಟಿಯಿಲ್ಲ, ಹೆಸರಿಲ್ಲ. ಒಳಗಿದ್ದುದು ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲದ ಚಿಲ್ಲರೆ ಮಾರಾಟಕ್ಕೆ ಸುಪ್ರೀಂ ಕೋರ್ಟು ೨೦೧೩ರಲ್ಲಿಯೇ ಕಡಿವಾಣ ಹಾಕಿ, ಕೊಳ್ಳುವವನ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂದು ಆದೇಶಿಸಿತ್ತು. ಮೊಪೆಡ್ಡಿನವನ ಬಳಿ ಯಾವ ಪುಸ್ತಕವೂ ಇರಲಿಲ್ಲ. ಅದನ್ನು ನಾನು ಕೇಳಲೂ ಇಲ್ಲ. ಮೂವತ್ತು ವರ್ಷ ಆಮ್ಲದ ಪಾಠ ಮಾಡಿದವನು ನಾನು.

ಎರಡು ವರ್ಷದ ಹಿಂದೆ, ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ. ಬಚ್ಚಲು ಪಾಚಿ ಕಟ್ಟಿದೆಯೆಂದು ಬೆಳಿಗ್ಗೆಯೇ ನಾನು ನೆಲಕ್ಕೆ ಬ್ಲೀಚಿಂಗ್ ಪುಡಿ ಚೆಲ್ಲಿ ಬಂದಿದ್ದೆ, ಯಾರಿಗೂ ಹೇಳಿರಲಿಲ್ಲ. ಮನೆಗೆಲಸಕ್ಕೆ ಬರುವಾಕೆ ಎಂದಿನಂತೆ ಶವರಿಗೂ ನಲ್ಲಿಗೂ ಆಸಿಡ್ ಬಳಿದಳು. ಅದು ಸೋರಿ ಕೆಳಗೆ ಬಿತ್ತು. ಬ್ಲೀಚಿಂಗ್ ಪುಡಿಯ ಮೇಲೆ ಈ ಆಮ್ಲ ಬಿದ್ದರೆ ಏನಾಗುತ್ತದೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಪ್ರಯೋಗಶಾಲೆಯಲ್ಲಿ ಕ್ಲೋರಿನ್ ತಯಾರಿಸುವ ವಿಧಾನವೇ ಅದು. ೧೯೧೫ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನರು ಎದುರಾಳಿಗಳ ಕಂದಕಗಳತ್ತ ಹರಿಯಬಿಟ್ಟ ಅನಿಲವೂ ಅದೇ. ನಾಲ್ಕಡಿ ಅಗಲದ ಬಚ್ಚಲು, ಒಂದೇ ಗವಾಕ್ಷಿ. ಆಕೆ ಹೊರಗೆ ಓಡಿ ಬಂದು ತುಳಸಿಕಟ್ಟೆಯ ಬಳಿ ಕುಸಿದು ಕುಳಿತು ಕೆಮ್ಮಿದ ಬಗೆಯನ್ನು ನಾನು ಮರೆಯಲಾರೆ. ವೈದ್ಯರ ಬಳಿಗೆ ಕರೆದೊಯ್ದೆವು. ಎರಡು ವಾರ ದನಿ ಒಡೆದೇ ಇತ್ತು. "ಏನಿಲ್ಲ ಸಾರ್, ಗಂಟಲು ಕಟ್ಕಂಡೈತೆ ಅಷ್ಟೆ" ಎಂದು ಆಕೆಯೇ ನನಗೆ ಸಮಾಧಾನ ಹೇಳಿದಳು. ಆಕೆ ನನ್ನ ಶಾಲೆಯಲ್ಲಿಯೇ ಎಂಟನೆಯ ತರಗತಿಯವರೆಗೆ ಓದಿ ಬಿಟ್ಟವಳು. ಕ್ಲೋರಿನ್ನಿನ ಪಾಠವನ್ನು ನಾನು ಅದರ ಮುಂದಿನ ತರಗತಿಗಳಿಗೆ ಹೇಳುತ್ತಿದ್ದೆ.

ನನ್ನ ಭಾವಮೈದುನರೊಬ್ಬರು ಇದನ್ನೆಲ್ಲ ಕೇಳಿ, "ನಲವತ್ತು ವರ್ಷದಿಂದ ನಮ್ಮನೇಲಿ ಆಸಿಡ್ ಹಾಕ್ತಿದೀವಿ ಭಾವ, ನಮಗೇನಾಗಿದೆ?" ಎಂದರು. ಅವರಿಗೆ ಏನೂ ಆಗಿಲ್ಲ, ನಿಜ. ಏಕೆಂದರೆ ಹಾಕುತ್ತಿದ್ದವರು ಅವರಲ್ಲ.

ಮನುಷ್ಯರ ಪುಪ್ಪುಸದ ಮಾತು ಬಿಟ್ಟು ಬರಿಯ ನಲ್ಲಿಯ ಲೆಕ್ಕವನ್ನೇ ನೋಡಿದರೂ ಈ ಆಮ್ಲ ನಷ್ಟದ ವ್ಯಾಪಾರ. ಸುಣ್ಣವನ್ನು ಕ್ಷಣದಲ್ಲಿ ತಿನ್ನುತ್ತದೆ, ಅಲ್ಲಿಗೆ ನಿಲ್ಲುವುದಿಲ್ಲ. ಹೊಳೆಯುವ ಕ್ರೋಮಿಯಂ ಲೇಪನವನ್ನೂ ಅದರಡಿಯ ನಿಕ್ಕಲನ್ನೂ ತಿನ್ನುತ್ತದೆ, ಹಿತ್ತಾಳೆಯವರೆಗೆ ಇಳಿಯುತ್ತದೆ. ಲೇಪನ ಹೋಗಿ ತರಿತರಿಯಾದ ಮೈಗೆ ಸುಣ್ಣ ಮೊದಲಿಗಿಂತ ಬೇಗ ಹತ್ತಿಕೊಳ್ಳುತ್ತದೆ. ಆಗ ಇನ್ನಷ್ಟು ಆಸಿಡ್. ಕೊನೆಗೆ ಹೊಸ ಶವರ್. ಟೈಲ್ಸುಗಳ ಸಂದಿಯ ಸಿಮೆಂಟು ಉದುರುವುದಂತೂ ಇದ್ದೇ ಇದೆ.

ಹಾಗಾದರೆ ಏನು ಮಾಡಬೇಕು? ಅಡುಗೆಗೆ ಬಳಸುವ ಬಿಳಿಯ ವಿನೆಗರ್ ಸಾಕು. ಅದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಮಾತ್ರ ಅಸಿಟಿಕ್ ಆಮ್ಲ. ಸುಣ್ಣದಕಲ್ಲಿಗೆ ಅಷ್ಟೇ ಬೇಕಾದದ್ದು. ವಿನೆಗರಿಗೆ ಸಮಪಾಲು ನೀರು ಬೆರೆಸಿ ಒಂದು ಗಟ್ಟಿ ಪ್ಲಾಸ್ಟಿಕ್ ಕವರಿಗೆ ಸುರಿದು, ಶವರಿನ ತಲೆ ಅದರಲ್ಲಿ ಮುಳುಗುವಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಸಣ್ಣ ಗುಳ್ಳೆಗಳು ಏಳುತ್ತವೆ; ಇಂಗಾಲದ ಡೈ ಆಕ್ಸೈಡು ಬಿಡುಗಡೆಯಾಗುತ್ತಿದೆಯೆಂದು ಅರ್ಥ. ಅರ್ಧ ಗಂಟೆಯ ಮೇಲೆ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ತೂತುಗಳು ರಬ್ಬರಿನವಾದರೆ ಹೆಬ್ಬೆರಳಿನಿಂದ ಉಜ್ಜಿದರೇ ಸುಣ್ಣ ಸಿಡಿದು ಬರುತ್ತದೆ. ಇನ್ನೂ ಉಳಿದಿದ್ದರೆ ಮರುದಿನ ಮತ್ತೊಮ್ಮೆ ಮಾಡಿ. ಚಿನ್ನದ ಬಣ್ಣದ ನಲ್ಲಿಗಳನ್ನಂತೂ ರಾತ್ರಿಯಿಡೀ ನೆನೆಹಾಕಬೇಡಿ. ವಿನೆಗರ್ ಸಿಗದಿದ್ದರೆ ನಿಂಬೆ ಉಪ್ಪು, ಎಂದರೆ ಸಿಟ್ರಿಕ್ ಆಮ್ಲದ ಹರಳು, ಎರಡು ಚಮಚ ಒಂದು ಲೀಟರ್ ನೀರಿಗೆ. ಅಮೃತಶಿಲೆ ಮತ್ತು ಮೊಸಾಯಿಕ್ ನೆಲದ ಮೇಲೆ ಇವೆರಡೂ ಬೀಳಕೂಡದು. ಆ ನೆಲವೂ ಸುಣ್ಣದಕಲ್ಲಿನದೇ ಅಲ್ಲವೆ! ವಿನೆಗರನ್ನಾಗಲಿ ನಿಂಬೆ ಉಪ್ಪನ್ನಾಗಲಿ ಬ್ಲೀಚಿಂಗ್ ಪುಡಿಯ ಹತ್ತಿರವೂ ತರಕೂಡದು.

ಹುಣಸೆಹಣ್ಣು ಆಗದೆ ಎಂದು ನನ್ನ ಅಕ್ಕ ಕೇಳಿದಳು. ನೀರು ತುಂಬುವ ಹಬ್ಬಕ್ಕೆ ತಾಮ್ರದ ಹಂಡೆಯನ್ನು ಹುಣಸೆಹುಳಿಯಿಂದ ಬೆಳಗಿ, ಹೊರಮೈಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿಯುತ್ತಿದ್ದ ಕೈಗಳು ಅವು. ತಾಮ್ರದ ಕಿಲುಬಿಗೆ ಹುಣಸೆಗಿಂತ ಒಳ್ಳೆಯದು ಇಲ್ಲ, ಒಪ್ಪುತ್ತೇನೆ. ಆದರೆ ಅದರ ಟಾರ್ಟಾರಿಕ್ ಆಮ್ಲ ಸುಣ್ಣದೊಡನೆ ಕೂಡಿದಾಗ ಹುಟ್ಟುವ ವಸ್ತು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಂಡೆಯ ಒಳಗಿನ ಸುಣ್ಣದ ಪದರವನ್ನು ಅಮ್ಮ ಹುಳಿಯಿಂದ ತಿಕ್ಕದೆ ಕಲ್ಲಿನಿಂದ ಕುಟ್ಟಿ ತೆಗೆಯುತ್ತಿದ್ದುದು ಸುಮ್ಮನೆ ಅಲ್ಲ.

ಕೊಳವೆಗೆ ಅಯಸ್ಕಾಂತ ಕಟ್ಟಿಸಿ ಎನ್ನುವವರೂ ಬರುತ್ತಾರೆ. ಕಟ್ಟುವ ಮುನ್ನ ಒಂದು ಲೋಟ, ಕಟ್ಟಿದ ಮೇಲೆ ಒಂದು ಲೋಟ ನೀರು ಹಿಡಿದು ಸೋಪಿನ ದ್ರಾವಣ ಹಾಕಿ ಕುಲುಕಿ ನೋಡಿ. ಒಂಬತ್ತನೆಯ ತರಗತಿಯ ಹುಡುಗ ತೀರ್ಪು ಕೊಡುತ್ತಾನೆ. ಉಪ್ಪು ಹಾಕುವ ಸಾಫ್ಟನರ್ ಯಂತ್ರ ಹಾಗಲ್ಲ, ಅದು ನಿಜವಾಗಿ ಕ್ಯಾಲ್ಸಿಯಮ್ಮನ್ನು ಹಿಡಿದು ಸೋಡಿಯಮ್ಮನ್ನು ಬಿಡುತ್ತದೆ. ನೂರು ಮನೆಗಳ ವಸತಿ ಸಮುಚ್ಚಯಕ್ಕೆ ಇರಲಿ. ಒಂದು ಶವರಿನ ಸಲುವಾಗಿ ಮೂಟೆಗಟ್ಟಲೆ ಉಪ್ಪನ್ನು ಮೋರಿಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ಮಳೆಯ ನೀರನ್ನು ತೊಟ್ಟಿಗೆ ಇಳಿಸಿಕೊಂಡು ಕೊಳವೆಬಾವಿಯ ನೀರಿಗೆ ಬೆರೆಸಿ. ಮಳೆಯ ನೀರಿನಲ್ಲಿ ಸುಣ್ಣ ಇಲ್ಲವೆಂದೇ ಹೇಳಬಹುದು. ಗೀಸರನ್ನು ತುತ್ತತುದಿಗೆ ತಿರುಗಿಸಿ ಕುದಿಸಿ ಆಮೇಲೆ ತಣ್ಣೀರು ಬೆರೆಸಿಕೊಳ್ಳುವ ಚಾಳಿಯನ್ನೂ ಬಿಡಿ. ನೀರು ಕಾದಷ್ಟೂ ಸುಣ್ಣ ಹೆಚ್ಚು ಇಳಿಯುತ್ತದೆ.

ಇವೆಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ. ಸುಣ್ಣ ಉಳಿಯುವುದು ಒಣಗಿದ ಹನಿಯಿಂದ ಎಂದೆನಲ್ಲ. ಹನಿ ಒಣಗುವ ಮೊದಲೇ ಒರೆಸಿಬಿಟ್ಟರೆ? ಸ್ನಾನವಾದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಶವರನ್ನೂ ನಲ್ಲಿಯನ್ನೂ ಒಮ್ಮೆ ಒರೆಸಲು ಅರ್ಧ ನಿಮಿಷ ಸಾಕು. ಇದನ್ನು ಹೇಳಿದಾಗಲೆಲ್ಲ ಗಂಡಸರು ನಗುತ್ತಾರೆ. "ಅದಕ್ಕೆ ಕೆಲಸದವಳು ಇದ್ದಾಳಲ್ಲ" ಎನ್ನುತ್ತಾರೆ. ಆಕೆ ಬರುವುದು ಹತ್ತು ಗಂಟೆಗೆ, ಸ್ವಾಮಿ. ನಿಮ್ಮ ಹನಿ ಏಳಕ್ಕೇ ಒಣಗಿರುತ್ತದೆ. ಮೀಯುವವನೇ ಒರೆಸಬೇಕು. ಆ ಅರ್ಧ ನಿಮಿಷವನ್ನು ಉಳಿಸಿಕೊಳ್ಳಲು ನಾವು ಇನ್ನೊಬ್ಬರ ಕೈಗೆ ಸೀಸೆ ಕೊಟ್ಟು ಬಚ್ಚಲಿಗೆ ಕಳುಹಿಸುತ್ತಿದ್ದೇವೆ. ನಾನೂ ಕಳುಹಿಸಿದ್ದೆ.

ಮನೆಯಲ್ಲಿ ಉಳಿದಿದ್ದ ಕಾಲು ಲೀಟರ್ ಆಸಿಡನ್ನು ಏನು ಮಾಡಿದಿರೆಂದು ಕೇಳಬಹುದು. ಹಿತ್ತಲಿನಲ್ಲಿ, ಕೈಗೆ ರಬ್ಬರ್ ಗವಸು ಹಾಕಿ, ಕನ್ನಡಕ ಧರಿಸಿ, ಪ್ಲಾಸ್ಟಿಕ್ ಬಕೆಟ್ಟಿನ ತುಂಬ ನೀರಿಟ್ಟು ಅದಕ್ಕೆ ಆಮ್ಲವನ್ನು ನಿಧಾನವಾಗಿ ಸುರಿದೆ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಇದನ್ನು ಮರೆತವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆಮೇಲೆ ಅಡುಗೆ ಸೋಡಾವನ್ನು ಚಮಚ ಚಮಚವಾಗಿ ಹಾಕುತ್ತ ಹೋದೆ. ನೂರು ಗ್ರಾಮಿನ ಎರಡು ಪೊಟ್ಟಣ ಮುಗಿಯುವ ಹೊತ್ತಿಗೆ ನೊರೆ ನಿಂತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆಕೆ, "ಇದನ್ನ ಇಸ್ಕೂಲಲ್ಲಿ ತೋರಿಸ್ತಿದ್ರಾ ಸಾರ್?" ಎಂದು ಕೇಳಿದಳು.

ತೋರಿಸುತ್ತಿದ್ದೆ ಎಂದೆ.