ಉಸಿರು ಕಟ್ಟುವ ಎಂಜಿನ್ನು

ಮಕ್ಕಳನ್ನು ಶಾಲೆಗೆ ಒಯ್ಯುವ ಪೆಟ್ರೋಲ್ ಕಾರು ಹಾದಿಯುದ್ದಕ್ಕೂ ಸರಾಗವಾಗಿ ಓಡುತ್ತದೆ. ವೃತ್ತದಲ್ಲಿ ಕೆಂಪು ದೀಪ ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ನಡುಗಿ ನಿಂತುಬಿಡುತ್ತದೆ. ಹಿಂದೆ ಹಾರನ್ನುಗಳ ಗದ್ದಲ, ಒಳಗೆ ಮಕ್ಕಳ ಗಾಬರಿ. ಬ್ಯಾಟರಿಯನ್ನೋ ಪೆಟ್ರೋಲ್ ಪಂಪನ್ನೋ ಬದಲಿಸಿ ವೃಥಾ ಹಣ ತೆತ್ತವರೂ ಉಂಟು.

ಕಾಲು ತೆಗೆದಾಗ ಮಾತ್ರ ನಿಲ್ಲುವ ಎಂಜಿನ್ನಿಗೆ ಹಲವು ವೇಳೆ ಗಾಳಿಯ ಕೊರತೆಯೇ ವ್ಯಾಧಿ. ಏರ್ ಫಿಲ್ಟರನ್ನು ದಾಟಿದ ಗಾಳಿಗೆ ಥ್ರಾಟಲ್ ಬಾಡಿಯೇ ಹೆಬ್ಬಾಗಿಲು. ಅದರೊಳಗಿನ ದುಂಡು ತಗಡು ಆಕ್ಸಿಲರೇಟರನ್ನು ಒತ್ತಿದಾಗ ತೆರೆಯುತ್ತದೆ. ಬಿಟ್ಟಾಗ ಬಹುತೇಕ ಮುಚ್ಚಿಕೊಳ್ಳುತ್ತದೆ. ಆಗ ಕಿರಿದಾದ ಸಂದಿಯಲ್ಲಿ ನುಸುಳುವ ಗಾಳಿಯೇ ಎಂಜಿನ್ನಿಗೆ ಆಧಾರ. ಎಂಜಿನ್ನಿನ ಎಣ್ಣೆಯ ಆವಿಯೂ ಧೂಳೂ ಬೆರೆತು ಅಲ್ಲಿ ಮಸಿಗಟ್ಟಿದರೆ ಆ ದಾರಿಯೂ ಕಟ್ಟುತ್ತದೆ.

ಎಂಜಿನ್ನು ತಣಿದ ಮೇಲೆ ಗಾಳಿಯ ಕೊಳವೆ ಕಳಚಿ ಟಾರ್ಚು ಹಿಡಿದರೆ ಕಪ್ಪು ಜಿಡ್ಡು ಕಾಣುವುದು. ಬ್ಯಾಟರಿಯ ಮೈನಸ್ ತಂತಿಯನ್ನು ಬಿಡಿಸಿ, ಥ್ರಾಟಲ್ ಬಾಡಿಗೆಂದೇ ಮಾರುವ ಕ್ಲೀನರನ್ನು ಮೆತ್ತನೆಯ ಬಟ್ಟೆಗೆ ಹಾಕಿ ತಗಡಿನ ಅಂಚನ್ನು ಒರೆಸಬೇಕು. ಬೆಂಕಿ ಹತ್ತಿರ ಸುಳಿಯಬಾರದು. ಮೋಟಾರಿನಿಂದ ತಿರುಗುವ ತಗಡನ್ನು ಬೆರಳಿನಿಂದ ತಳ್ಳಿದರೆ ಒಳಗಿನ ಹಲ್ಲುಚಕ್ರ ಕೆಟ್ಟೀತು. ಮರಳಿ ಜೋಡಿಸಿದ ಬಳಿಕ ಎಂಜಿನ್ನು ತನ್ನ ಹದವನ್ನು ಹೊಸದಾಗಿ ಕಲಿಯಬೇಕಾಗಬಹುದು; ಅದರ ಕ್ರಮ ಕಾರಿನ ಕೈಪಿಡಿಯಲ್ಲಿ ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಮಾಡಿಸಬೇಕು.

ಒರೆಸಿದ ಮೇಲೂ ನಿಲ್ಲುವ, ಅಥವಾ ವೇಗದಲ್ಲಿ ಓಡುವಾಗಲೇ ನಿಲ್ಲುವ ಕಾರನ್ನು ಮೆಕ್ಯಾನಿಕರಿಗೆ ಒಪ್ಪಿಸುವುದೇ ಲೇಸು. ಎಂಜಿನ್ನು ಆರಿದರೆ ಸ್ಟಿಯರಿಂಗು ಬಿಗಿಯಾಗುತ್ತದೆ, ಬ್ರೇಕನ್ನೂ ಬಲವಾಗಿ ತುಳಿಯಬೇಕಾಗುತ್ತದೆ. ಮಕ್ಕಳು ಕುಳಿತಿರುವ ಕಾರಿನಲ್ಲಿ ಇಂಥ ಉಪೇಕ್ಷೆ ಸಲ್ಲದು.