ಕೇರೆ ಕಚ್ಚಿದರೂ ಆಸ್ಪತ್ರೆಗೆ ಹೋಗಿ

‘ಕಚ್ಚಿದ್ದು ಕೇರೆ, ಏನೂ ಆಗಲ್ಲ ಬಿಡಿ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಲು ಬೇಗ ಹೊರಡುತ್ತದೆ. ಎಷ್ಟೋ ಸಲ ಅದು ನಿಜವೂ ಹೌದು. ಕೇರೆಗೆ ವಿಷವಿಲ್ಲ. ಗದ್ದೆಯ ನೀರೊಳ್ಳೆ ಕಚ್ಚಿದರೆ ರಕ್ತ ಸುರಿಯುತ್ತದೆ, ಉರಿಯುತ್ತದೆ, ಗಾಯ ಮಾಯುತ್ತದೆ. ಹಸಿರು ಹಾವಿನ ಹಿಂಬದಿಯ ಹಲ್ಲಿನಲ್ಲಿ ತುಸು ವಿಷವಿದ್ದರೂ ಕಚ್ಚಿದ ಜಾಗ ಊದಿ, ಜೋಮು ಹಿಡಿದು, ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ. ಇವುಗಳಿಗೆ ಗಾಯದ ಆರೈಕೆ, ಧನುರ್ವಾಯು ಚುಚ್ಚುಮದ್ದು ಸಾಕು.

ಆದರೆ ಕತ್ತಲಲ್ಲಿ ಕಾಲಿಗೆ ತಗುಲಿ ಸರಿದುಹೋದದ್ದು ಕೇರೆಯೇ ಎಂದು ನೋಡಿದವರು ಯಾರು? ಮನೆಯೊಳಗೆ ಹಲ್ಲಿ ಹುಡುಕಿ ಬರುವ ವಿಷವಿಲ್ಲದ ತೋಳದ ಹಾವಿಗೂ, ಪ್ರಾಣ ತೆಗೆಯುವ ಕಟ್ಟುಹಾವಿಗೂ ಮೈಮೇಲೆ ಬಿಳಿ ಪಟ್ಟೆಗಳಿವೆ. ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ. ನೋವಿಲ್ಲ, ಊತವಿಲ್ಲ; ಬೆಳಗಾಗುವ ಹೊತ್ತಿಗೆ ರೆಪ್ಪೆ ಜೋತು, ಉಸಿರು ಸೋಲುತ್ತದೆ.

ಬಲ್ಲವರೂ ಮೋಸಹೋಗಿದ್ದಾರೆ. 1957ರ ಸೆಪ್ಟೆಂಬರ್ 25ರಂದು ಷಿಕಾಗೊದ ಉರಗತಜ್ಞ ಕಾರ್ಲ್ ಸ್ಮಿತ್ ಅವರ ಹೆಬ್ಬೆರಳಿಗೆ ಆಫ್ರಿಕಾದ ಬೂಮ್‌ಸ್ಲ್ಯಾಂಗ್ ಎಂಬ ಹಾವಿನ ಮರಿ ಕಚ್ಚಿತು. ಹಲ್ಲು ಸರಿಯಾಗಿ ನಾಟಲಿಲ್ಲವೆಂದುಕೊಂಡ ಅವರು ಆಸ್ಪತ್ರೆಗೆ ಹೋಗದೆ ತಮ್ಮ ಲಕ್ಷಣಗಳನ್ನು ಬರೆದಿಡುತ್ತ ಕುಳಿತರು. ಮರುದಿನವೇ ಒಳಗೊಳಗೆ ರಕ್ತಸ್ರಾವವಾಗಿ ತೀರಿಕೊಂಡರು. ನಮ್ಮ ಪಶ್ಚಿಮ ಘಟ್ಟದ ತೋಟಗಳಲ್ಲಿರುವ ಉಬ್ಬುಮೂತಿಯ ಸಣ್ಣ ಮಂಡಲವೊಂದನ್ನೂ ಬಹುಕಾಲ ಅಲ್ಪವಿಷದ್ದೆಂದೇ ಎಣಿಸಿದ್ದರು. ಅದು ಮೂತ್ರಪಿಂಡ ಕೆಡಿಸುತ್ತದೆ, ಕೊಲ್ಲಲೂಬಲ್ಲದು ಎಂಬುದನ್ನು ಶ್ರೀಲಂಕಾ, ಕೇರಳದ ರೋಗಿಗಳು ತೋರಿಸಿಕೊಟ್ಟರು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕಷ್ಟೇ. ಆ ಸಣ್ಣ ಮಂಡಲಕ್ಕೆ ಅದು ನಾಟುವುದಿಲ್ಲ.

ವಿಷವಿಲ್ಲದ ಕಡಿತ ಇನ್ನೊಂದು ಹಾನಿಯನ್ನೂ ಸದ್ದಿಲ್ಲದೆ ಮಾಡುತ್ತದೆ. ನೀರೊಳ್ಳೆ ಕಚ್ಚಿದವನು ಮಂತ್ರ ಹಾಕಿಸಿಕೊಂಡು, ಬೇರು ಅರೆದು ಕುಡಿದು ‘ಬದುಕಿ’ ಬರುತ್ತಾನೆ. ಸುಮ್ಮನಿದ್ದರೂ ಬದುಕುತ್ತಿದ್ದ ಆ ಜೀವದ ಕೀರ್ತಿ ಮಂತ್ರಕ್ಕೆ ಸಲ್ಲುತ್ತದೆ. ಮುಂದಿನ ವಾರ ಕೊಳಕುಮಂಡಲ ಕಚ್ಚಿದ ಹೆಂಗಸನ್ನು ಅದೇ ಬಾಗಿಲಿಗೆ ಹೊತ್ತೊಯ್ಯುತ್ತಾರೆ. ಪ್ರತಿವಿಷ ಕೊಡಬೇಕಾದ ಹೊತ್ತು ಅಲ್ಲಿ ಕಳೆದುಹೋಗುತ್ತದೆ.

ಹಾಗೆಂದು ಕಚ್ಚಿಸಿಕೊಂಡವರಿಗೆಲ್ಲ ಪ್ರತಿವಿಷ ಚುಚ್ಚುವುದೂ ತಪ್ಪು. ಅದರಿಂದಲೇ ಉಸಿರುಕಟ್ಟುವ, ರಕ್ತದೊತ್ತಡ ಕುಸಿಯುವ ಅಲರ್ಜಿ ಆಗಬಹುದು. ಬೇಕಿರುವುದು ನಿಗಾ. ಗಾಜಿನ ನಳಿಕೆಯಲ್ಲಿ ರಕ್ತವಿಟ್ಟು 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡಬೇಕು, ಅದನ್ನು ಮತ್ತೆ ಮತ್ತೆ ಮಾಡಬೇಕು. ರೆಪ್ಪೆ, ನುಂಗುವಿಕೆ, ಉಸಿರು, ಮೂತ್ರ ಗಮನಿಸುತ್ತ 24 ಗಂಟೆ ಇರಿಸಿಕೊಳ್ಳಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ. ಹಾವನ್ನು ಕೊಂದು ತರುವುದೂ ಬೇಡ. ದೂರದಿಂದ ಫೋಟೊ ಸಿಕ್ಕರೆ ಸಾಕು.

2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಒಳ್ಳೆಯ ಹೆಜ್ಜೆ. ಆ ಲೆಕ್ಕದಲ್ಲಿ ‘ಬರೀ ಕೇರೆ’ಯ ಕಡಿತವೂ ಸೇರಲಿ. ಆದರೆ ನಿಗಾಕ್ಕೆಂದು ಆಸ್ಪತ್ರೆಯಲ್ಲಿ ಒಂದು ದಿನ ಉಳಿದರೆ ಕೂಲಿಕಾರರಿಗೆ ಒಂದು ದಿನದ ಅನ್ನ ಹೋಗುತ್ತದೆ. ಆದ್ದರಿಂದಲೇ ಈ ನಿಗಾ ಜಿಲ್ಲಾಕೇಂದ್ರದಲ್ಲಿ ಸಿಕ್ಕರೆ ಸಾಲದು, ನಡೆದು ಹೋಗುವಷ್ಟು ದೂರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರಾತ್ರಿಯೂ ಸಿಗಬೇಕು.